ಪ್ರತಿಕ್ರಿಯೆ: ಫೈಲ್ ಡಿಲೀಟ್ ಮಾಡಿದ್ರೂ ಸ್ವಾಪಿನೆಸ್ 10ರಲ್ಲೇ ಯಾಕಿದೆ?

ಲಿನಕ್ಸಲ್ಲಿ ಸ್ವಾಪಿನೆಸ್ (ಮೆಮೊರಿಲಿರೋ ಡೇಟಾನ ಡಿಸ್ಕಿನ ಸ್ವಾಪ್ ಜಾಗಕ್ಕೆ ಎಷ್ಟು ಸುಲಭವಾಗಿ ಸರಿಸ್ಬೇಕು ಅನ್ನೋ ಸೆಟ್ಟಿಂಗ್) 10 ಮಾಡೋ ಫೈಲ್ ಅಳಿಸಿದ್ರೂ ಅದು 60ಕ್ಕೆ ವಾಪಸ್ ಹೋಗ್ತಿಲ್ಲ ಅಂತ ಕೇಳಿದ್ರಿ. ನಿಮ್ಮ ಸಿಸ್ಟಮ್ ಕೆಟ್ಟಿಲ್ಲ ಬಿಡಿ, ಅದು ಹಾಗೇ ಕೆಲಸ ಮಾಡೋದು. ಮೊದಲು ನೀವು ಸಿಸ್‌ಸಿಟಿಎಲ್ ಕಮಾಂಡ್ (ಕರ್ನಲ್ ಅಂದ್ರೆ ಲಿನಕ್ಸಿನ ತಿರುಳು, ಅದರ ಸೆಟ್ಟಿಂಗ್ ಬದಲಿಸೋ ಕಮಾಂಡ್) ಕೊಟ್ಟು 10 ಮಾಡಿದ್ದು ಓಡ್ತಿರೋ ಕರ್ನಲ್‌ನ ಮೆಮೊರಿಲಿ ಮಾತ್ರ ಬದಲಾಗಿದ್ದು, ಡಿಸ್ಕಲ್ಲಿ ಎಲ್ಲೂ ಬರೆದಿರಲಿಲ್ಲ, ಅದಕ್ಕೇ ರೀಬೂಟ್ ಆದ್ಮೇಲೆ ಡೀಫಾಲ್ಟ್ 60ಕ್ಕೆ ಹೋಯ್ತು. ಆಮೇಲೆ ಇಟಿಸಿ ಒಳಗಿನ ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರಲ್ಲಿ ಫೈಲ್ ಇಟ್ರಿ, ಬೂಟ್ ಆಗೋವಾಗ ಅದನ್ನ ಓದಿ 10 ಹಾಕ್ತು. ಈಗ ಫೈಲ್ ಅಳಿಸಿದ್ರೆ ಕರ್ನಲ್‌ಗೆ ಹೇಗೆ ಗೊತ್ತಾಗ್ಬೇಕು? ಫೈಲ್ ಇದ್ಯೋ ಇಲ್ವೋ ಅಂತ ಅದು ಕಾಯ್ತಾ ಕೂತಿರಲ್ಲ. ಅದೇ ಕಮಾಂಡ್‌ಗೆ ಎಲ್ಲಾ ಫೈಲ್ ಮತ್ತೆ ಓದಿಸೋ --system ಆಪ್ಷನ್ ಕೊಟ್ರೂ ಅಷ್ಟೇ, ಫೈಲಲ್ಲಿ ಇರೋದನ್ನ ಹಾಕುತ್ತೆ, ಇಲ್ಲದ್ದನ್ನ ಡೀಫಾಲ್ಟ್‌ಗೆ ತರಲ್ಲ. ಸೋ ಒಂದೋ ರೀಬೂಟ್ ಮಾಡಿ, ಇಲ್ಲಾ ಕೈಯಿಂದಲೇ 60 ಅಂತ ಸೆಟ್ ಮಾಡಿ.

ರೀಬೂಟ್ ಆದ್ಮೇಲೂ 10 ಬಂದ್ರೆ ಬೇರೆ ಯಾವುದೋ ಫೈಲಲ್ಲಿ ಅದೇ ಲೈನ್ ಇದೆ ಅಂತರ್ಥ, ಯುಎಸ್ಆರ್ ಲಿಬ್ ಕೆಳಗಿನ ಅದೇ ಹೆಸರಿನ ಫೋಲ್ಡರಲ್ಲೂ ಗ್ರೆಪ್ ಮಾಡಿ (ಫೈಲ್ ಒಳಗೆ ಪದ ಹುಡುಕೋ ಕಮಾಂಡ್). ಫೈಲ್‌ಗಳನ್ನ ಹೆಸರಿನ ಕ್ರಮದಲ್ಲಿ ಓದೋದು, ಕೊನೆಗೆ ಬಂದಿದ್ದೇ ಗೆಲ್ಲೋದು, ಅದಕ್ಕೇ ಜನ ಹೆಸರಿನ ಮುಂದೆ 99 ಹಾಕೋದು.

ನನ್ನ ಪ್ರಕಾರ ಹೊಸ ವ್ಯಾಲ್ಯೂನ ಮೊದಲು ಕಮಾಂಡಲ್ಲೇ ಟ್ರೈ ಮಾಡೋದು ಒಳ್ಳೇದು, ಎಡವಟ್ಟಾದ್ರೆ ರೀಬೂಟೇ ಅಂಡೂ ಬಟನ್ ಇದ್ದಂಗೆ. ಹಳೇ ವ್ಯಾಲ್ಯೂ ಮಾತ್ರ ಮೊದಲೇ ಬರ್ದಿಟ್ಕೊಳ್ಳಿ, ಎಲ್ಲಾ ಡಿಸ್ಟ್ರೋದಲ್ಲೂ (ಉಬುಂಟು, ಫೆಡೋರಾ ಥರ ಲಿನಕ್ಸಿನ ಬೇರೆ ಬೇರೆ ಆವೃತ್ತಿ) ಒಂದೇ ಇರಲ್ಲ. ಇನ್ನು ನೆಟ್ ಡಾಟ್ ಬ್ರಿಡ್ಜ್ ಅಂತ ಶುರುವಾಗೋ ಸೆಟ್ಟಿಂಗ್ಸ್ ಇದ್ರೆ ಅದರ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸೋ ಭಾಗ) ಮೊದಲು ಲೋಡ್ ಆಗಿರ್ಬೇಕು, ಇಲ್ದಿದ್ರೆ ಫೈಲ್ ಸರಿ ಇದ್ರೂ ಬೂಟಲ್ಲಿ ಅಪ್ಲೈ ಆಗಲ್ಲ.