ಮುಖಪುಟದ 'ಜೆ. ಸೋಲ್' ಯಾರು?

ಲಂಡನ್ನಿನಲ್ಲಿ 1707ರಲ್ಲಿ ಅಚ್ಚಾದ ಕ್ವೇಕರ್ (ಕ್ರೈಸ್ತರ ಒಂದು ಪಂಥ) ಪುಸ್ತಕವೊಂದರ ಮುಖಪುಟದಲ್ಲಿರುವ 'ಜೆ. ಸೋಲ್' ಎಂಬ ಮುದ್ರಕ ಪುರುಷನೇ ಎಂದು ತಾವು ಕೇಳಿದ್ದೀರಿ. ಅಲ್ಲ, ಅದು ಜೇನ್ ಸೋಲ್ ಎಂಬ ಮಹಿಳೆಯ ಹೆಸರು. ಆದರೆ ಆ ಮುದ್ರಣಾಲಯವನ್ನು ನಿಜವಾಗಿ ನಡೆಸುತ್ತಿದ್ದವರು ಅವರ ಮಗಳು ಟೇಸ್ ಸೋಲ್.

ತಂದೆ ಆಂಡ್ರ್ಯೂ ಅವರಿಂದ 1691ರ ಸುಮಾರಿಗೆ ಮುದ್ರಣಾಲಯವನ್ನು ವಹಿಸಿಕೊಂಡ ಟೇಸ್, ಹದಿನೈದು ವರ್ಷ ತಮ್ಮ ಹೆಸರಿನಲ್ಲೇ ಕ್ವೇಕರರ ಕೃತಿಗಳನ್ನು ಪ್ರಕಟಿಸಿದರು. ಅವರು ಸ್ವತಃ ಅಚ್ಚಿನ ಮೊಳೆ ಜೋಡಿಸುವುದರಲ್ಲಿ ನಿಪುಣೆ ಎಂದು ಪುಸ್ತಕ ವ್ಯಾಪಾರಿ ಜಾನ್ ಡಂಟನ್ 1705ರಲ್ಲೇ ಮೆಚ್ಚಿ ಬರೆದಿದ್ದಾನೆ. 1706ರಲ್ಲಿ ಥಾಮಸ್ ರೇಲ್ಟನ್ ಅವರನ್ನು ಮದುವೆಯಾದ ಮೇಲೆ ಪುಸ್ತಕಗಳ ಮೇಲೆ ತಾಯಿಯ ಹೆಸರು ಬರತೊಡಗಿತು. ತಾಯಿ ತೀರಿಕೊಂಡ ನಂತರವೂ 'ಜೆ. ಸೋಲ್ ಅವರ ಹಕ್ಕುದಾರರು' ಎಂಬ ಸಾಲು ವರ್ಷಗಟ್ಟಲೆ ಉಳಿಯಿತು. ವಿವಾಹಿತೆಯ ಆಸ್ತಿಯ ಮೇಲೆ ಗಂಡನಿಗೇ ಅಧಿಕಾರ ಕೊಡುತ್ತಿದ್ದ ಅಂದಿನ ಇಂಗ್ಲಿಷ್ ಕಾನೂನು ಇದಕ್ಕೆ ಕಾರಣವಾಗಿರಬಹುದೆಂದು ನನಗನ್ನಿಸುತ್ತದೆ. 1749ರಲ್ಲಿ ಸಾಯುವವರೆಗೂ ಟೇಸ್ ಈ ವೃತ್ತಿಯನ್ನು ಬಿಡಲಿಲ್ಲ.

ಲಂಡನ್ನಿನ ಮುದ್ರಕರ ಮತ್ತು ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಯ ಸದಸ್ಯನ ವಿಧವೆಯು ವೃತ್ತಿಯನ್ನು ಮುಂದುವರಿಸುವ ರೂಢಿಯೂ ಅಲ್ಲಿತ್ತು. ಹಾಗಾಗಿ ಮುಖಪುಟದಲ್ಲಿ ಬರಿಯ ಮೊದಲಕ್ಷರ ಕಂಡಾಗ ಅದನ್ನು ಪುರುಷನದೆಂದು ಎಣಿಸಬೇಡಿ. 1728ರಲ್ಲಿ ಅಲೆಗ್ಸಾಂಡರ್ ಪೋಪನ 'ಡನ್ಸಿಯಡ್' ಕಾವ್ಯದ ಮೇಲಿದ್ದ 'ಎ. ಡಾಡ್' ಕೂಡ ಆನ್ ಡಾಡ್ ಎಂಬ ಮಾರಾಟಗಾರ್ತಿಯ ಹೆಸರೇ. ತಮ್ಮಲ್ಲಿರುವ ಪುಸ್ತಕದ ಮುಖಪುಟದಲ್ಲಿ ಅಂಗಡಿಯ ವಿಳಾಸವಿದ್ದರೆ, ಅದೇ ವಿಳಾಸದ ಹಿಂದಿನ ಪುಸ್ತಕಗಳೊಡನೆ ಹೋಲಿಸಿ ನೋಡಿ, 'ಟಿ. ಸೋಲ್' ಅಲ್ಲಿ ಸಿಗುತ್ತಾರೆ.