ಚೇಳಿನ ಬಾಲಕ್ಕೆ ಐದು ಗೆಣ್ಣು

ನಿಮ್ಮ ಪ್ರಶ್ನೆ ಇದು: "ಜೇಡ, ಜರಿ, ಚೇಳು ಕಂಡರೆ ಮೈ ಜುಮ್ಮೆನ್ನುತ್ತದೆ. ಆದರೂ ಅವುಗಳ ಚಿತ್ರವನ್ನೇ ಬಿಡಿಸಬೇಕು ಅನಿಸುತ್ತದೆ. ಮನೆಯವರು ಅಸಹ್ಯ ಅಂತಾರೆ. ಬಿಡಿಸಲಾ, ಬಿಡಲಾ?"

ಬಿಡಿಸಿ. ನಾನು ಬೀದರ್‌ನಲ್ಲಿ ಬಿದರಿ ಸಾಮಾನುಗಳಿಗೆ ಡಿಸೈನ್ ಹಾಕುವವನು. ಹೂವು, ಬಳ್ಳಿ, ನವಿಲು ಹಾಕಿ ಹಾಕಿ ಕೈ ಪಳಗಿದೆ. ಚೇಳು ಬಿಡಿಸಲು ಶುರು ಮಾಡಿದ್ದು ಕಂದಕೂರಿಗೆ ಹೋಗಿ ಬಂದ ಮೇಲೆ.

ಯಾದಗಿರಿ ಜಿಲ್ಲೆಯ ಈ ಊರಲ್ಲಿ ನಾಗರ ಪಂಚಮಿ ದಿನ ಜನ ಬೆಟ್ಟ ಹತ್ತುತ್ತಾರೆ. ಕಲ್ಲು ಸರಿಸಿ ಚೇಳು ಹಿಡಿಯುತ್ತಾರೆ. ತೋಳಿನ ಮೇಲೆ, ಮುಖದ ಮೇಲೂ ಬಿಟ್ಟುಕೊಳ್ಳುತ್ತಾರೆ. ನನ್ನ ಪಕ್ಕದಲ್ಲೇ ಒಬ್ಬ ಹುಡುಗ ಅಂಗೈ ಚಾಚಿ ನಿಂತಿದ್ದ. ಚೇಳು ಬೆರಳಿನಿಂದ ಬೆರಳಿಗೆ ನಿಧಾನ ದಾಟುತ್ತಿತ್ತು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಚೇಳನ್ನು ನೋಡಿದ್ದು ಅದೇ ಮೊದಲು. ಮನೆಯಲ್ಲಿ ಕಂಡರೆ ಚಪ್ಪಲಿ ಹುಡುಕುತ್ತೇವೆ, ನೋಡುವುದೆಲ್ಲಿ ಬಂತು? (ನೀವು ಮಾತ್ರ ಕೈಯಲ್ಲಿ ಹಿಡಿಯಲು ಹೋಗಬೇಡಿ. ಕೆಂಪು ಚೇಳಿನ ವಿಷ ಜೀವಕ್ಕೇ ಅಪಾಯ, ಮಕ್ಕಳಿಗಂತೂ ಜಾಸ್ತಿ.)

ವಾಪಸ್ ಬಂದು ಒಂದು ಡಬ್ಬಿಯ ಮುಚ್ಚಳಕ್ಕೆ ಚೇಳು ಹಾಕಿದೆ. ಬಿದರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ. ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ಮೇಲ್ಮೈ ಕಪ್ಪಾಗುತ್ತದೆ. ಆಗ ಮೊನೆಯಿಂದ ಗೀರಿದ ಗೆರೆ ಬೆಳ್ಳಗೆ ಕಾಣುತ್ತದೆ. ನಾನು ಬಾಲವನ್ನು ಒಂದೇ ಗೆರೆಯಲ್ಲಿ ನಯವಾಗಿ ಸುರುಳಿ ಎಳೆದೆ. ನೋಡಿದರೆ ಅಲ್ಲಿ ಚೇಳೇ ಇಲ್ಲ, ಬಳ್ಳಿ! ವರ್ಷಗಟ್ಟಲೆ ಬಳ್ಳಿ ಎಳೆದ ಕೈ ಮತ್ತೊಂದು ಬಳ್ಳಿಯನ್ನೇ ಎಳೆದಿತ್ತು.

ಆಮೇಲೆ ಹಿತ್ತಲಲ್ಲಿ ಸತ್ತ ಚೇಳೊಂದು ಸಿಕ್ಕಿತು. ಗಾಜಿನ ಲೋಟ ಮುಚ್ಚಿಟ್ಟು ಕೂತು ನೋಡಿದೆ. ಬಾಲಕ್ಕೆ ಐದು ಗೆಣ್ಣು, ಕಬ್ಬಿನ ಹಾಗೆ. ಐದನೆಯದು ಎಲ್ಲಕ್ಕಿಂತ ಉದ್ದ. ಅದರ ತುದಿಗೆ ಉಬ್ಬಿದ ವಿಷದ ಚೀಲ, ಚೀಲದ ತುದಿಗೆ ಕೊಂಡಿ. ಬಾಲ ಬಾಗುವುದು ಗೆಣ್ಣಿನ ಸಂದಿಯಲ್ಲಿ ಮಾತ್ರ. ನಡುವೆಲ್ಲ ನೆಟ್ಟಗೆ. ಅಷ್ಟನ್ನೇ ಬದಲಾಯಿಸಿದೆ. ಬೆಳ್ಳಿ ತಂತಿಯನ್ನು ಗೆಣ್ಣಿಗೊಂದು ತುಂಡು ಮಾಡಿ ಬಡಿದು ಕೂರಿಸಿದೆವು. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿನೀರಿಗೆ ಇಳಿಸಿದಾಗ ಸತು ಕಡುಕಪ್ಪಾಯಿತು, ಬೆಳ್ಳಿ ಹಾಗೇ ಉಳಿಯಿತು. ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಕತ್ತಲಲ್ಲಿ ನಿಜವಾದ ಚೇಳೂ ಹೀಗೇ ಹೊಳೆಯುತ್ತದೆ, ಹಸಿರು-ನೀಲಿಯಾಗಿ.

ಅದಕ್ಕೇ ಹೇಳುತ್ತೇನೆ, ಸುಮ್ನೆ ಚೆಂದ ಮಾಡಲು ಹೋಗಬೇಡಿ. ಇರುವುದಕ್ಕಿಂತ ಭಯಂಕರವೂ ಮಾಡಬೇಡಿ. ಎಣಿಸಿ. ಜೇಡ, ಚೇಳಿಗೆ ಎಂಟು ಕಾಲು. ಕೀಟಕ್ಕೆ ಆರು, ಆರೂ ಎದೆಯ ಭಾಗದಿಂದ ಹೊರಟಿರುತ್ತವೆ. ಹೊಟ್ಟೆಯಿಂದ ಬಿಡಿಸಿದರೆ ಚಿತ್ರ ಸುಳ್ಳಾಗುತ್ತದೆ. ಚೇಳಿನಿಂದಲೇ ಶುರು ಮಾಡಬೇಕಂತಿಲ್ಲ. ಮಿರಗ ಮಳೆ ಬಿದ್ದ ಮೇಲೆ ಹೊಲದಲ್ಲಿ ಕೆಂಪು ಮಖಮಲ್ಲಿನಂಥ ಹುಳ ಏಳುತ್ತವಲ್ಲ, ಅವು ಒಳ್ಳೆಯವು. ಕಚ್ಚುವುದಿಲ್ಲ, ಓಡಿಯೂ ಹೋಗುವುದಿಲ್ಲ.

ಮನೆಯವರಿಗೆ ಜರ್ಮನಿಯ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೇರಿಯನ್ ಚಿತ್ರಗಳನ್ನು ತೋರಿಸಿ. 1699ರಲ್ಲಿ, 52ನೇ ವಯಸ್ಸಿನಲ್ಲಿ, ಹುಳಗಳನ್ನು ನೋಡಲೆಂದೇ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದವರು. ಕಂಬಳಿ ಹುಳ, ಅದು ತಿನ್ನುವ ಎಲೆ, ಗೂಡು, ಚಿಟ್ಟೆ ಎಲ್ಲ ಒಂದೇ ಚಿತ್ರದಲ್ಲಿ ಇರುತ್ತವೆ. ಶಿಲ್ಪಿ ಲೂಯಿಸ್ ಬೂರ್ಜ್ವಾ 1999ರಲ್ಲಿ ಮಾಡಿದ ಜೇಡದ ಶಿಲ್ಪ 9 ಮೀಟರ್‌ಗಿಂತ ಎತ್ತರ, ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳು. ಹರಿದ ಹಳೆಯ ನೇಯ್ಗೆಗಳನ್ನು ಸರಿಪಡಿಸುತ್ತಿದ್ದ ತನ್ನ ತಾಯಿಗಾಗಿ ಮಾಡಿದ್ದು ಅದು.

ನಮ್ಮವ್ವ ನನ್ನ ಚೇಳಿನ ಡಬ್ಬಿಯನ್ನು ಇವತ್ತಿಗೂ ಮುಟ್ಟಿಲ್ಲ. ಈಗ ಮರಿ ಹೊತ್ತ ತಾಯಿ ಚೇಳನ್ನು ಬಿಡಿಸುತ್ತಿದ್ದೇನೆ. ಹುಟ್ಟಿದ ಮರಿಗಳನ್ನು ಅದು ಬೆನ್ನ ಮೇಲೇ ಹೊತ್ತು ತಿರುಗುತ್ತದೆ, ಮರಿಗಳು ಬೆಳ್ಳಗಿರುತ್ತವೆ. ಮೊನ್ನೆ ಅವ್ವ ಹಾಳೆಯ ಹತ್ತಿರ ಬಂದು ಕೂತಳು. ಬೆರಳಿಟ್ಟು ಮರಿಗಳನ್ನು ಎಣಿಸಿದಳು. "ಈ ಮರಿ ಜಾರಿ ಬೀಳೋ ಹಂಗ ಅದ, ಸರಿ ಮಾಡು" ಅಂದಳು.