ಹಗ್ಗ ಬರುತ್ತಿಲ್ಲವೆಂದು ಜೋರಾಗಿ ಎಳೆಯಬೇಡಿ

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮದು ಅಡಿಕೆ ತೋಟ. ಗಾಳಿಗೆ ಧರೆ ಮೇಲಿನ ಮರವೊಂದು ತೋಟದೊಳಗೆ ಬಿದ್ದಿದೆ. ಕೊಯ್ಯೋಣವೆಂದು ಅಟ್ಟದಿಂದ ಚೈನ್ ಸಾ ಇಳಿಸಿದರೆ, ಹಗ್ಗ ಒಂದು ಗೇಣು ಬಂದು ಗಕ್ಕನೆ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದಾಗಲೇ ಮಲಗಿಸಿ ಇಟ್ಟಿದ್ದೆ. ಚೈನ್ ಬ್ರೇಕ್ ಹಾಕಿದ್ದರಿಂದ ಹೀಗಾಯಿತೋ, ಇಂಜಿನ್ನೇ ಹೋಯಿತೋ?

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ಹಗ್ಗ ಹರಿಯುತ್ತದೆ, ಸ್ಟಾರ್ಟರಿನ ಹಲ್ಲು ಮುರಿಯುತ್ತದೆ. ಒಂದು ಕೆಲಸ ಇದ್ದದ್ದು ಮೂರಾಗುತ್ತದೆ.

ಬ್ರೇಕಿನ ಮೇಲೆ ನನಗೆ ಅನುಮಾನ ಕಡಿಮೆ. ಅದು ಹಿಡಿಯುವುದು ಚೈನನ್ನು ತಿರುಗಿಸುವ ಕ್ಲಚ್ಚಿನ ಡ್ರಮ್ಮನ್ನು. ಇಂಜಿನ್ ವೇಗ ಏರುವವರೆಗೆ ಕ್ಲಚ್ ಡ್ರಮ್ಮಿಗೆ ತಾಗುವುದಿಲ್ಲ. ಬ್ರೇಕ್ ಹಾಕಿಯೇ ಸ್ಟಾರ್ಟ್ ಮಾಡಬೇಕೆನ್ನುವುದೂ ಅದಕ್ಕೇ. ಬ್ರೇಕ್ ಬಿಟ್ಟ ಕೂಡಲೇ ಹಗ್ಗ ಸಲೀಸಾಗಿ ಬಂದರೆ ಮಾತ್ರ ಕ್ಲಚ್ ಸ್ಪ್ರಿಂಗ್ ತುಂಡಾಗಿದೆಯೇ ನೋಡಿಸಿ.

ನೀವು ಹೇಳಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮಲಗಿಸಿ ಇಟ್ಟ ಟ್ಯಾಂಕು. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಸೋರಿ ಸಿಲಿಂಡರ್ ಸೇರುತ್ತದೆ. ಗಾಳಿಯಾದರೆ ಪಿಸ್ಟನ್ ಒತ್ತಿದಷ್ಟೂ ಕುಗ್ಗುತ್ತದೆ, ಪೆಟ್ರೋಲ್ ಕುಗ್ಗುವುದಿಲ್ಲ. ಸ್ವಿಚ್ ಆಫ್ ಮಾಡಿ ಪ್ಲಗ್ ಬಿಚ್ಚಿ, ಅದರ ವಯರನ್ನು ದೂರ ಸರಿಸಿ. ಪ್ಲಗ್ಗಿನ ತೂತು ಕೆಳಮುಖವಾಗಿರಲಿ, ಒಲೆ-ಬೀಡಿ ಹತ್ತಿರ ಬೇಡ. ಈಗ ಹಗ್ಗವನ್ನು ನಿಧಾನ ಎಳೆಯಿರಿ. ಪೆಟ್ರೋಲ್ ಪಿಚಕ್ಕೆಂದು ಹಾರಿ ಹಗ್ಗ ಹಗುರಾದರೆ ನಿಮ್ಮ ಇಂಜಿನ್ ಉಳಿದಿದೆ. ಅರ್ಧ ಗಂಟೆ ಆರಲು ಬಿಟ್ಟು, ಪ್ಲಗ್ ಒರೆಸಿ ಹಾಕಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ. ಸೂಜಿಯನ್ನು ಮಾತ್ರ ಬದಲಿಸಿಬಿಡಿ, ಇಲ್ಲದಿದ್ದರೆ ಇದೇ ಕಥೆ ಮತ್ತೆ.

ಪ್ಲಗ್ ತೆಗೆದರೂ ಬಿಗಿಯೇ? ಹಗ್ಗದ ಕಡೆಯ ಕವರ್ ಕಳಚಿ ಮ್ಯಾಗ್ನೆಟ್ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಅದು ಸಲೀಸಾಗಿ ತಿರುಗಿದರೆ ದೋಷ ಸ್ಟಾರ್ಟರಿನದು: ತೇವಕ್ಕೆ ಹೊಟ್ಟು ಮೆತ್ತಿದೆ, ಇಲ್ಲವೇ ಸ್ಪ್ರಿಂಗ್ ತುಕ್ಕು ಹಿಡಿದಿದೆ. ಆ ಸ್ಪ್ರಿಂಗ್ ಮುಖಕ್ಕೆ ಹಾರುತ್ತದೆ, ಅಭ್ಯಾಸವಿಲ್ಲದವರು ಬಿಚ್ಚಬೇಡಿ.

ಚಕ್ರವೂ ತಿರುಗದಿದ್ದರೆ ಬಾರ್ (ಚೈನ್ ಸುತ್ತುವ ಪಟ್ಟಿ), ಚೈನ್ ತೆಗೆದು ಇನ್ನೊಮ್ಮೆ ನೋಡಿ. ಆಗಲೂ ತಿರುಗದಿದ್ದರೆ ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಬೇಕು. ನುಣುಪಾಗಿರಬೇಕಾದ ಬದಿಯಲ್ಲಿ ಉಗುರಿಗೆ ಸಿಗುವಂಥ ಉದ್ದುದ್ದ ಗೀರು ಕಂಡರೆ ಎಣ್ಣೆಯಿಲ್ಲದೆ ಓಡಿದೆ ಎಂದೇ ಹೆಚ್ಚಿನ ಸಲ ಅರ್ಥ. ನಮ್ಮ ಕಡೆ ಒಂದು ಮಿಷನ್ ನಾಲ್ಕು ಮನೆ ಸುತ್ತುತ್ತದೆ. ಯಾರೋ ಆಯಿಲ್ ಬೆರೆಸದ ಬೈಕಿನ ಪೆಟ್ರೋಲನ್ನೇ ಸುರಿದಿರುತ್ತಾರೆ. ಅಂಥ ಪಿಸ್ಟನ್ನುಗಳನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ. 50:1 (ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್) ಮಿಷನ್ನಿಗೆ ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್, 40:1 ಆದರೆ 25 ಮಿಲಿ. ನಿಮ್ಮದು ಯಾವುದೆಂದು ಮಿಷನ್ನಿನ ಪುಸ್ತಕದಲ್ಲಿರುತ್ತದೆ. ಬೆರೆಸಿದ್ದಕ್ಕೆ ಬೇರೆ ಕ್ಯಾನ್ ಇಡಿ, ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.

ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಅಟ್ಟಕ್ಕೆ ಏರಿಸುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ನೆಟ್ಟಗೆ ಇಡಿ.